ಹಗ್ಗ ಕಟ್ಟುವ ಕಲ್ಲು

"ಗುರುಗಳೇ, ಸಾಲ ಮಾಡಿದವನು ತೀರಿಸಬೇಕು, ಅದು ಧರ್ಮ. ತೀರಿಸಲಾಗದಾಗ ಏನು ರಿಯಾಯಿತಿ ಸಿಕ್ಕೀತು, ಯಾವ ನಿಯಮ ಇದ್ದೀತು ಎಂದು ವಿಚಾರಿಸುತ್ತ ಹೋಗುವುದು ಮಾತಿಗೆ ತಪ್ಪಲು ದಾರಿ ಹುಡುಕಿದಂತಲ್ಲವೇ?"

ಕೇಳಿದವನು ಶಿಷ್ಯ ಚೆನ್ನವೀರ. ಅವನ ಕೈಯಲ್ಲಿ ಮಡಚಿದ ಕಾಗದವೊಂದಿತ್ತು. ಅದನ್ನು ಬರೆಸಿದವಳು ಅವನ ಅಕ್ಕ. ಭಾವನಿಗೆ ಸಾಲದ ವಿಷಯವಾಗಿ ಕೋರ್ಟಿನ ನೋಟೀಸು ಬಂದಿತ್ತು. ಅದರಲ್ಲಿ ಏನಿದೆಯೋ ನಮಗೆ ತಿಳಿಯದು, ನೀನು ಓದಿದವನು, ಒಮ್ಮೆ ಬಂದು ಬಿಡಿಸಿ ಹೇಳು ಎಂದು ಅಕ್ಕ ಕೇಳಿದ್ದಳು. ಕಾಗದ ಬಂದು ಒಂಬತ್ತು ದಿನವಾಗಿತ್ತು. ಚೆನ್ನವೀರ ಹೊರಟಿರಲಿಲ್ಲ.

ಗುರುಗಳು ಕಾಗದವನ್ನೊಮ್ಮೆ ನೋಡಿದರು. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅವನದು. ತಂದೆಯಿಂದ ಬಂದದ್ದು. ಹೊಸ ಸೀರೆಗೆ ನೂಲು ಹೂಡುವಾಗ ಅವನು ಹಾಸಿನ ಎಳೆಗಳನ್ನು ಬೀದಿಯುದ್ದ ಚಾಚಿ ಗಂಜಿ ಹಚ್ಚುತ್ತಿದ್ದ. ಹಾಸಿನ ಒಂದು ತುದಿಯ ಹಗ್ಗವನ್ನು ಮನೆಯ ಕಂಬಕ್ಕೆ, ಇನ್ನೊಂದು ತುದಿಯ ಹಗ್ಗವನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಹಳೆಯ ಕಲ್ಲಿಗೆ ಕಟ್ಟುತ್ತಿದ್ದ. ಕಲ್ಲಿನ ಮೇಲೆ ಅಕ್ಷರಗಳಿದ್ದವು. ನೇಕಾರನಿಗೆ ಓದಲು ಬಾರದು. ಅಕ್ಷರ ಕೊರೆದ ಕಲ್ಲು ದೇವರ ಕಲ್ಲೇ ಇರಬೇಕೆಂದು ಅವನು ಹಗ್ಗ ಕಟ್ಟುವ ಮೊದಲು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದ. ಅವನ ತಂದೆಯೂ ಹಾಗೆಯೇ ಮಾಡುತ್ತಿದ್ದ.

ಎಲ್ಲ ಬದಲಾದ ದಿನ ಒಂದು ಸಾಧಾರಣ ಮಂಗಳವಾರ. ಬಿಸಿಲು ಹದವಾಗಿತ್ತು. ನೇಕಾರ ಗಂಜಿ ಹಚ್ಚುತ್ತಿದ್ದ, ಹೆಂಡತಿ ಹಿಂದಿನಿಂದ ಕುಂಚ ಎಳೆಯುತ್ತ ಬರುತ್ತಿದ್ದಳು. ಕಲ್ಲಿನ ಎದುರಿನ ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಆ ದಾರಿಯಾಗಿ ಸಾಹುಕಾರ ಬಂದ.

ನೂಲಿಗಾಗಿ ನೇಕಾರ ಅವನಲ್ಲಿ ನಾನೂರು ರೂಪಾಯಿ ಸಾಲ ತಂದಿದ್ದ. ವರ್ಷಕ್ಕೆ ಎಪ್ಪತ್ತರಂತೆ ಆರು ವರ್ಷ ಬಡ್ಡಿ ಕಟ್ಟಿದ್ದ. ಅಸಲು ನಾನೂರು ಹಾಗೆಯೇ ನಿಂತಿತ್ತು. ಏಳನೆಯ ವರ್ಷದ ಬಡ್ಡಿ ಕಟ್ಟಲಾಗಿರಲಿಲ್ಲ.

ಸಾಹುಕಾರ ಕೆಟ್ಟವನಲ್ಲ. ನಗಿಸುವ ಚಪಲ ಇದ್ದವನು. ಹಾಸಿನ ಉದ್ದಕ್ಕೂ ಕಣ್ಣಾಡಿಸಿ, "ಏನಪ್ಪಾ, ನಿನ್ನ ಹಾಸಿಗಿಂತ ನನ್ನ ಬಡ್ಡಿಯೇ ಉದ್ದವಾಯಿತಲ್ಲ! ಅದನ್ನೂ ಎಲ್ಲಿಗಾದರೂ ಕಟ್ಟಿ ನಿಲ್ಲಿಸಯ್ಯ" ಎಂದ. ಜಗುಲಿಗಳಲ್ಲಿ ಕೂತಿದ್ದವರು ನಕ್ಕರು. ಸಾಹುಕಾರನೂ ನಕ್ಕು, ಎಲೆ ಅಡಿಕೆ ಉಗಿದು, ತನ್ನ ದಾರಿ ಹಿಡಿದ. ಊರ ತಿರುವು ದಾಟುವಷ್ಟರಲ್ಲಿ ಅವನು ಆ ಮಾತನ್ನು ಮರೆತಿದ್ದ.

ನೇಕಾರ ಮರೆಯಲಿಲ್ಲ. ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಹೆಂಡತಿಗೆ, "ಮಗ್ಗ ಮಾರಿಬಿಡುತ್ತೇನೆ" ಎಂದ.

"ಮಗ್ಗ ಮಾರಿ ಏನು ನೇಯುತ್ತೀರಿ, ಗಾಳಿಯನ್ನೇ? ಚಾವಡಿಯಲ್ಲಿ ಹಿರಿಯರಿದ್ದಾರೆ. ಇಂಥದ್ದಕ್ಕೆ ಊರಿನ ಕಟ್ಟಳೆ ಏನಿದೆಯೆಂದು ಒಂದು ಮಾತು ಕೇಳಬಾರದೇ?"

"ನಾಲ್ಕು ಜನರ ಮುಂದೆ ನನ್ನ ಕೈಲಾಗದು ಎನ್ನಲೇ? ನಮ್ಮ ಮನೆತನದಲ್ಲಿ ಯಾರೂ ಆ ಕಟ್ಟೆ ಹತ್ತಿಲ್ಲ."

"ಕಟ್ಟಳೆ ಏನೆಂದು ಕೇಳಿದರೆ ಕೈಲಾಗದು ಎಂದಂತೆಯೇ?"

ನೇಕಾರ ಕೈಯಲ್ಲಿದ್ದ ಸೀರೆಯನ್ನು ನೇಯ್ದು ಮುಗಿಸಿದ. ನಂತರ ಮಗ್ಗವನ್ನು ಬಿಚ್ಚಿ, ಲಾಳಿ ಸಹಿತ, ಪರವೂರಿನವನೊಬ್ಬನಿಗೆ ಮುನ್ನೂರು ರೂಪಾಯಿಗೆ ಮಾರಿದ. ಹಣವನ್ನು ಅದೇ ದಿನ ಸಾಹುಕಾರನ ಮುಂದಿಟ್ಟ. ಸಾಹುಕಾರ ಬೆರಗಾದ. ಎಪ್ಪತ್ತನ್ನು ಬಡ್ಡಿಗೆ, ಉಳಿದದ್ದನ್ನು ಅಸಲಿಗೆ ಬರೆದುಕೊಂಡ. ಇನ್ನೂ ನೂರೆಪ್ಪತ್ತು ಬಾಕಿ ಉಳಿಯಿತು.

ಆ ಬಾಕಿಗಾಗಿ ಗಂಡಹೆಂಡಿರು ಸುಣ್ಣದ ಗೂಡಿಗೆ ಕೂಲಿ ಹೋದರು. ಗಂಡ ಕಲ್ಲು ಹೊರುತ್ತಿದ್ದ, ಹೆಂಡತಿ ಸುಟ್ಟ ಸುಣ್ಣವನ್ನು ಜರಡಿ ಹಿಡಿಯುತ್ತಿದ್ದಳು. ನೂಲು ಸುತ್ತಿ ಸುತ್ತಿ ಹಗುರಾಗಿದ್ದ ಅವಳ ಬೆರಳುಗಳು ಮೊದಲ ತಿಂಗಳಲ್ಲೇ ಒಡೆದವು. ಆಮೇಲೆ ಕೆಮ್ಮು ಹಿಡಿಯಿತು. ಮನೆಯೊಳಗಿನ ಗುಂಡಿಯನ್ನು ಮಣ್ಣು ಹಾಕಿ ಮುಚ್ಚುತ್ತೇನೆಂದು ನೇಕಾರ ಎರಡು ಸಲ ಹೊರಟ. "ಇರಲಿ ಬಿಡಿ" ಎಂದು ಎರಡು ಸಲವೂ ಅವಳು ತಡೆದಳು. ಪ್ರತಿದಿನ ಆ ಗುಂಡಿಯ ಅಂಚನ್ನು ಸಾರಿಸುತ್ತಿದ್ದಳು.

ಎರಡು ವರ್ಷಕ್ಕೆ ಸಾಲ ತೀರಿತು. ತೀರಿದ ಹನ್ನೆರಡನೆಯ ದಿನ ಅವಳು ಸತ್ತಳು.

ಕರ್ಮಾಂತರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನೇಕಾರ ಬೀದಿಯ ಕೊನೆಗೆ ಹೋಗಿ ಆ ಕಲ್ಲಿನ ಪಕ್ಕ ಕೂತ. ಕೆಲಸವಿರಲಿಲ್ಲ. ಅಲ್ಲಿಗೆ ಬಳೆಗಾರನೊಬ್ಬ ಬಂದು ಹೆಗಲ ಮೇಲಿನ ಬಳೆಗಳ ಮಲಾರ ಇಳಿಸಿ ದಣಿವಾರಿಸಿಕೊಂಡ. ಕಲ್ಲನ್ನು ನೋಡಿದ. ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.

"ದೇವರ ಹೆಸರಿದೆಯೇ ಅಣ್ಣಾ?" ಎಂದು ನೇಕಾರ ಕೇಳಿದ.

"ದೇವರಲ್ಲ ಮಾರಾಯ, ಸಾಲದ ಕಟ್ಟಳೆ. ಕೇಳು. ಈ ಊರಿನಲ್ಲಿ ಕೊಟ್ಟ ಬಡ್ಡಿ ಅಸಲಿನಷ್ಟಾದ ಮೇಲೆ ಬಡ್ಡಿ ನಿಲ್ಲತಕ್ಕದ್ದು. ಮಗ್ಗ, ಗಾಣ, ಕುಂಬಾರನ ತಿಗರಿ, ಇಂಥ ದುಡಿದು ತಿನ್ನುವ ಸಾಧನವನ್ನು ಸಾಲಕ್ಕೆ ಹಿಡಿಯಕೂಡದು. ನನ್ನಿಂದಾಗದು ಎಂದು ಸಂತೆಯ ದಿನ ಚಾವಡಿಯಲ್ಲಿ ನಿಂತು ಹೇಳಿದವನಿಗೆ ಮೂರು ವರ್ಷ ಗಡುವು ಕೊಡತಕ್ಕದ್ದು, ಅವನನ್ನು ಯಾರೂ ಹಳಿಯಕೂಡದು." ಬಳೆಗಾರ ಬಗ್ಗಿ ನೆಲದ ಹತ್ತಿರದ ಪಂಕ್ತಿಯನ್ನು ನೋಡಿದ. ಹಗ್ಗ ಉಜ್ಜಿ ಅದು ಅರ್ಧ ಸವೆದಿತ್ತು. "ತಾನಾಗಿ ಕೊಟ್ಟದ್ದು ತಿರುಗಿ ಬಾರದು. ಇಷ್ಟೇ."

ನೇಕಾರ ಇನ್ನೊಮ್ಮೆ ಓದಿಸಿದ. ಆಮೇಲೆ ಎದ್ದು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಚಾವಡಿಯ ಕಟ್ಟೆ ಹತ್ತಿದ. ಅಲ್ಲಿ ಊರಿನ ಯಜಮಾನ ಕೂತಿದ್ದ.

"ಆ ಕಲ್ಲಿನಲ್ಲಿ ಇರುವುದು ನಿಜವೇ, ಯಜಮಾನರೇ?"

"ಸುಳ್ಳನ್ನು ಕಲ್ಲಿನಲ್ಲಿ ಕೊರೆಸುತ್ತಾರೆಯೇ? ಹೋದ ವರ್ಷ ಗಾಣದವನೊಬ್ಬ ಬಂದು ನಿಂತಿದ್ದ, ಗಡುವು ಕೊಟ್ಟೆವು. ಈಗ ಎಣ್ಣೆ ಮಾರಿಕೊಂಡು ಚೆನ್ನಾಗಿದ್ದಾನೆ. ಬಾಯಿಬಿಟ್ಟು ಕೇಳಿದವನಿಗೆ ಉಂಟು. ನೀನು ಮಾನವಂತ, ಬರಲಿಲ್ಲ."

"ನನ್ನ ಮಗ್ಗ?"

"ಸಾಹುಕಾರ ಎಳೆದೊಯ್ದಿದ್ದರೆ ಅಂದೇ ಬಿಡಿಸಿಕೊಡುತ್ತಿದ್ದೆವು. ಅವನು ಕೇಳಲೇ ಇಲ್ಲವಲ್ಲಪ್ಪ."

ನೇಕಾರ ಮನೆಗೆ ಬಂದ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅಂಚು ಸಾರಿಸಿದ್ದು ಒಣಗಿ ಬಿರುಕು ಬಿಟ್ಟಿತ್ತು. ಅವನ ಎರಡು ಪಾದಗಳು ಒಂದಾದ ಮೇಲೊಂದು, ಮಗ್ಗದ ಕಾಲುಮಣೆಯನ್ನು ತುಳಿಯುವಂತೆ, ಬರಿಯ ಮಣ್ಣನ್ನು ತುಳಿದವು. ಅವನು ಸಂಜೆಯವರೆಗೆ ಹಾಗೆಯೇ ಕೂತಿದ್ದ. ಮರುದಿನ ಎಂದಿನಂತೆ ಸುಣ್ಣದ ಗೂಡಿಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ಕಾಗದವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕತೆಯಲ್ಲಿ ಒಂದು ಕೊರತೆ ಅವನಿಗೆ ಕಂಡಿತು. ಶಿಷ್ಯರಿಗೆ ಕೊರತೆ ಬೇಗ ಕಾಣುತ್ತದೆ.

"ತಪ್ಪು ನೇಕಾರನದಲ್ಲ, ಗುರುಗಳೇ. ಪಾಪ, ಅವನಿಗೆ ಅಕ್ಷರ ಬಾರದು. ದಿನಾ ಆ ಕಲ್ಲನ್ನು ಕಾಣುವವರಲ್ಲಿ ಓದಬಲ್ಲವನು ಒಬ್ಬನೂ ಇರಲಿಲ್ಲವೇ?"

ಗುರುಗಳು ಹೇಳಿದರು:

"ಆ ಕಲ್ಲಿನ ಎದುರಿನ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಮೇಷ್ಟರಾಗಿದ್ದೆ."