ಬಡಿಸೋನು ಸಾಕಿದ ಹಲ್ಲಿಮರಿ

ನೀವು ನಂಬೋದಿಲ್ಲ, ಈಗ ಅರ್ಧ ಗಂಟೆ ಹಿಂದೆ ನಮ್ಮ ಮೃದಂಗದ ಮೇಷ್ಟ್ರು ನನ್ನ ಬಾಯಿ ಕಟ್ಟಿಹಾಕಿಬಿಟ್ರು, ಪಾಠದ ಮಧ್ಯೆನೂ ನಿಲ್ಲದೇ ಇರೋ ನನ್ನ ಬಾಯಿ. ನಾನು ಕೇಳಿದ್ದು ಇಷ್ಟೇ. ನಿಶ್ಚಿತಾರ್ಥ ಮುರಿದ ಮೇಲೆ ತಂಗಿ ಇಂಚರ ಕೋಣೆ ಬಿಟ್ಟು ಬರ್ತಿಲ್ಲ, ಐದು ದಿನ ಆಯ್ತು, ಸರಿಯಾಗಿ ಊಟನೂ ಇಲ್ಲ, ಬುದ್ಧಿ ಹೇಳೋಕೆ ಅಂತ ಒಬ್ಬರಾದ ಮೇಲೆ ಒಬ್ಬರನ್ನ ಒಳಗೆ ಕಳಿಸ್ತಾನೇ ಇದ್ದೀನಿ, ಯಾರ ಮಾತೂ ನಾಟ್ತಿಲ್ಲ, "ಇನ್ನು ಯಾರನ್ನ ಕಳಿಸ್ಲಿ ಸಾರ್?"

ಮೇಷ್ಟ್ರು ಮೃದಂಗ ಪಕ್ಕಕ್ಕಿಟ್ರು. "ಕೂತ್ಕೋ. ಮಧ್ಯೆ ಬಾಯಿ ಹಾಕ್ಬೇಡ," ಅಂದ್ರು. ಅವರು ಹೇಳಿದ ಹಾಗೇ ಹೇಳ್ತೀನಿ.

ಮದುವೆ ಮನೆಗಳಲ್ಲಿ ಬಡಿಸೋನು ಒಬ್ಬ ಇದ್ದ. ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದ್ರೂ ಬೆರಳ ಸಂದಿಯಲ್ಲಿ ಒಂದು ಹೋಳಿಗೆ ತೂರಿಸ್ತಿದ್ದ. ಜನ ಅದಕ್ಕೇ ಅವನನ್ನ ಹೊಗಳ್ತಿದ್ರು. ಅವನು ಒಂದು ಹಲ್ಲಿಮರಿ ಸಾಕಿದ. ಗೋಡೆ ಮೇಲಿಂದಲ್ಲ, ಅಂಗಡೀಲಿ ಮಾರೋದು, ಹಳದಿ ಮೈ, ಕಪ್ಪು ಪಟ್ಟೆ. ಗಾಜಿನ ಪೆಟ್ಟಿಗೇಲಿ ಇಟ್ಟ. ತಿನ್ನೋಕೆ ಜೀವ ಇರೋ ಚಿಮ್ಮಂಡೆ ಬಿಡ್ತಿದ್ದ, ರಾತ್ರಿ ಕಿರ್ರ್ ಅನ್ನೋ ಹುಳ. ದಿನಾ ನಾಲ್ಕು ತಿಂತಿತ್ತು.

ಒಂದು ದಿನ ಮರಿಯ ಮೈ ಬಿಳಚಿಕೊಂಡ್ತು. ಹುಳ ಮುಟ್ಟಲಿಲ್ಲ. ಮೂಲೆ ಸೇರ್ತು. ಅವನು ಹೆದರಿ ಅಂಗಡಿಗೆ ಓಡಿದ.

"ಪೊರೆ ಬಿಡೋಕೆ ಹೊರಟಿದೆ ಕಣಯ್ಯ," ಅಂದ ಅಂಗಡಿಯವನು. "ಎರಡು ಮೂರು ದಿನ ತಿನ್ನಲ್ಲ. ಒಂದು ಒದ್ದೆ ಬಟ್ಟೆ ಇಡು, ಪೊರೆ ಸಲೀಸಾಗಿ ಬರುತ್ತೆ. ಹುಳ ಮಾತ್ರ ಒಂದೂ ಬಿಡದೆ ತೆಗೆದುಬಿಡು."

"ಹಸಿದಿರೋರ ಮುಂದಿಂದ ಎಲೆ ಎತ್ತೋದಾ? ನಮ್ಮ ವಂಶದಲ್ಲೇ ಇಲ್ಲ."

"ಅದು ನಿನ್ನ ಬೀಗರಲ್ಲಪ್ಪ, ಹಲ್ಲಿ."

ಅವನು ಒದ್ದೆ ಬಟ್ಟೆ ಇಟ್ಟ. ಹುಳ ತೆಗೀಲಿಲ್ಲ. ನಾಲ್ಕು ಮುಟ್ಟಲಿಲ್ಲ ಅಂತ ಇನ್ನಾರು ಬಿಟ್ಟ. ಮಾರನೇ ದಿನ ಇನ್ನೂ ಹತ್ತು, ಒಂದಾದ್ರೂ ರುಚಿಸೀತು ಅಂತ. ಆಮೇಲೆ ಪರವೂರಿಗೆ ಮೂರು ದಿನದ ಮದುವೆಗೆ ಬಡಿಸೋಕೆ ಹೋದ.

ವಾಪಸ್ ಬಂದಾಗ ಪೊರೆ ಅರ್ಧ ಬಿಟ್ಟಿತ್ತು. ಅದರ ಕೆಳಗಿನ ಹೊಸ ಚರ್ಮ ಮೆತ್ತಗಿತ್ತು. ಹುಳಗಳಿಗೆ ತಿನ್ನೋಕೆ ಆ ಪೆಟ್ಟಿಗೇಲಿ ಬೇರೇನೂ ಇರಲಿಲ್ಲ. ಅವು ಮರಿಯ ಬೆರಳು ತಿಂದಿದ್ವು. ಕಣ್ಣಿನ ರೆಪ್ಪೆ ತಿಂದಿದ್ವು. ಉಸಿರು ಇನ್ನೂ ಇತ್ತು. ಅವನು ಅಂಗೈ ಮೇಲೆ ಎತ್ತಿಕೊಂಡ ಮೇಲೆ ನಿಂತಿತು.

ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದ್ರು. ನಾನು ಸುಮ್ನಿರೋನಾ, "ಪಾಪ, ಅವನು ಪ್ರೀತಿಯಿಂದಾನೇ ಹಾಕಿದ್ದು ಅಲ್ವಾ ಸಾರ್" ಅಂದೆ.

"ಹೌದು," ಅಂದ್ರು. "ಈಗ ನಿನ್ನ ತಂಗಿ ಕೋಣೇಲಿ ಎಷ್ಟು ಜನ ಇದ್ದಾರೆ?"

ಬೆರಳು ಮಡಿಸಿ ಎಣಿಸಿದೆ. ದೊಡ್ಡತ್ತೆ ಇದ್ರು, ಅವರ ಇಬ್ಬರು ವಾರಗಿತ್ತಿಯರು ಇದ್ರು, ಆ ಸಂಬಂಧ ತಂದಿದ್ದ ಬ್ರೋಕರ್ ಕೂಡ ಇದ್ದ. ಎಲ್ಲರನ್ನೂ ಕೈ ಮುಗಿದು ಕರ್ಕೊಂಡು ಬಂದು ಕೂರಿಸಿದ್ದು ನಾನೇ. ಎದ್ದು ಓಡಿ ಬಂದೆ, ಈಗ ಕೋಣೆ ಬಾಗಿಲ ಹೊರಗೆ ನಿಂತಿದ್ದೀನಿ, ಒಳಗೆ ನಾಲ್ಕು ಜನರ ದನೀನೂ ಕೇಳ್ತಿದೆ, ಇಂಚರಂದು ಕೇಳ್ತಿಲ್ಲ, ಎಲ್ಲರೂ ನನಗಿಂತ ದೊಡ್ಡವರು, ನಾನು ಕರೆದೆ ಅಂತಾನೇ ಬಂದವರು, ನೀವಾಗಿದ್ರೆ ಏನ್ ಮಾಡ್ತಿದ್ರಿ?