ಬೆರಳಿನ ಮಿಡಿತ

ಇದು ಕಳೆದ ಮಾರ್ಚ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನಡೆದ ಮಾತು. ತುರ್ತು ಚಿಕಿತ್ಸಾ ವಿಭಾಗದ ಕಿರಿಯ ವೈದ್ಯೆ ಇರ್ಫಾನಾ ತನ್ನ ಗುರು ತೋಂಟಪ್ಪನವರನ್ನು ಕೇಳಿದಳು:

“ಸರ್, ಮುಂಜಾನೆ ಬಂದ ರೋಗಿಯ ಕುತ್ತಿಗೆಯಲ್ಲಿ ಒಂದು ನಿಮಿಷ ನಾಡಿ ಹುಡುಕಿದೆ. ಇದೆ ಅನ್ನಿಸಿತು. ಅದು ನನ್ನ ಬೆರಳಿನದೇ ಮಿಡಿತ. ಆಮೇಲೆ ಎದೆ ಒತ್ತಿದೆವು, ಶಾಕ್ ಕೊಟ್ಟೆವು. ಹೃದಯ ಮತ್ತೆ ನಡೆಯಲಿಲ್ಲ. ನನ್ನಂಥವಳು ಇಲ್ಲಿ ಇರಬಹುದೇ?”

ವಿಭಾಗ ಬದಲಿಸಿಕೊಡಿ ಎಂಬ ಅರ್ಜಿಯನ್ನು ಅವಳು ಬರೆದೇ ತಂದಿದ್ದಳು. ತೋಂಟಪ್ಪ ಅದನ್ನು ಓದಲಿಲ್ಲ. ಕತೆ ಹೇಳಿದರು.

ಒಬ್ಬ ರೈತ ಒಣಮೆಣಸಿನಕಾಯಿ ಮಾರಲು ಮಾರುಕಟ್ಟೆಗೆ ಬಂದ. ಮೊದಲ ಚೀಲ ತೂಗುವಾಗ ಕುಸಿದು ಬಿದ್ದ. ಅಲ್ಲಿ ಎಲ್ಲರೂ ದಿನವಿಡೀ ಕೆಮ್ಮುತ್ತಾರೆ, ಸೀನುತ್ತಾರೆ. ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ.

“ಘಾಟು ಹತ್ತೈತಿ, ಮುಖಕ್ಕ ನೀರು ಹೊಡೀರಿ,” ಎಂದ ಒಬ್ಬ ವ್ಯಾಪಾರಿ.

ನೀರು ಹೊಡೆದರು. ರೈತ ಏಳಲಿಲ್ಲ. ಹಾಗಾದರೆ ಮೂರ್ಛೆರೋಗ ಇರಬೇಕೆಂದು ವ್ಯಾಪಾರಿ ಅಂಗಡಿಯ ಕಬ್ಬಿಣದ ಕೀಲಿಕೈ ತಂದು ಅವನ ಮುಷ್ಟಿಯಲ್ಲಿಟ್ಟ. ರೈತನ ಬಾಯಿ ಆಗೊಮ್ಮೆ ಈಗೊಮ್ಮೆ ತೆರೆಯುತ್ತಿತ್ತು. ಉಸಿರಾಡುತ್ತಿದ್ದಾನೆ ಎಂದು ಜನ ಸಮಾಧಾನಪಟ್ಟರು.

ಮನೆಗೆ ಮೆಣಸಿನಕಾಯಿ ಕೊಳ್ಳಲು ಒಬ್ಬ ಹೊಸ ವೈದ್ಯ ಬಂದಿದ್ದ. ಜನ ದಾರಿ ಬಿಟ್ಟರು. ಅವನು ಮಂಡಿಯೂರಿ ರೈತನ ಮಣಿಕಟ್ಟು ಹಿಡಿದ. ನಾಡಿ ಇದೆ ಅನ್ನಿಸಿತು. ಇಲ್ಲ ಅನ್ನಿಸಿತು. ಮತ್ತೆ ಇದೆ ಅನ್ನಿಸಿತು.

ಚೀಲ ಹೊರುವ ಹಮಾಲನೊಬ್ಬ ಹತ್ತಿರ ಬಂದ. “ಬಾಯಿ ತೆರೀತಾನ ಖರೆ, ಇದು ಉಸಿರಲ್ರೀ ಡಾಕ್ಟರೇ. ಆರೋಗ್ಯ ಶಿಬಿರದಾಗ ತೋರಿಸಿದ್ರು. ಎದಿ ಒತ್ತಲೇನ್ರಿ?”

“ತಡಿ, ನಾಡಿ ಐತಿ. ಸುಮ್ಮನ ಒತ್ತಿದ್ರ ಎಲುಬು ಮುರೀತಾವು.”

“ಚೀಲ ಹೊರೋನು ಡಾಕ್ಟರಿಗೇ ಕಲಿಸಾಕ ಬಂದಾನ!” ಎಂದು ವ್ಯಾಪಾರಿ ನಕ್ಕ. ಹಮಾಲ ಹಿಂದೆ ಸರಿದ.

ಆಸ್ಪತ್ರೆಗೆ ಒಯ್ಯಲು ಜೀಪು ಬರುವವರೆಗೂ ವೈದ್ಯ ಮಣಿಕಟ್ಟು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಅರ್ಧ ಗಂಟೆ ಎದೆ ಒತ್ತಿದರು. ರೈತ ಉಳಿಯಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಅದಕ್ಕೆ ಔಷಧವಿತ್ತು. ಆದರೆ ಔಷಧ ಸಿಗುವವರೆಗೆ ಯಾರಾದರೂ ಎದೆ ಒತ್ತಿ ರಕ್ತ ಹರಿಸಬೇಕಿತ್ತು.

ಸಂಜೆ ರೈತನ ಹೆಂಡತಿ ಆ ವೈದ್ಯನನ್ನು ಹುಡುಕಿಕೊಂಡು ಬಂದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

“ಕಡೀತನಕ ಅವರ ಕೈ ಹಿಡಕೊಂಡು ಕುಂತಿದ್ರಂತ. ನಿಮಗ ಪುಣ್ಯ ಬರ್ಲಿ, ಯಪ್ಪಾ,” ಎಂದಳು.

ಅಂದಿನಿಂದ ಆ ವೈದ್ಯ ನಾಡಿ ನೋಡುವಾಗ ಮನಸ್ಸಿನಲ್ಲಿ ಹತ್ತು ಸೆಕೆಂಡು ಎಣಿಸುತ್ತಾನೆ. ಅಷ್ಟರೊಳಗೆ ಖಚಿತವಾಗದಿದ್ದರೆ ಎದೆಯ ಮೇಲೆ ಕೈ ಇಡುತ್ತಾನೆ. ಹಾಗೆ ಒತ್ತಿಸಿಕೊಂಡವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಕೆಲವರು ನಡೆದುಕೊಂಡೇ ಮನೆಗೆ ಹೋದರು.

ಕತೆ ಮುಗಿಯಿತು. ಇರ್ಫಾನಾ ಕೇಳಿದಳು: “ಅವನಿಗೆ ಕೆಲಸ ಬಿಡಬೇಕು ಅನ್ನಿಸಲಿಲ್ಲವೇ, ಸರ್?”

ತೋಂಟಪ್ಪ ಅರ್ಜಿಯನ್ನು ಮಡಚಿ ಅವಳ ಕೈಗೇ ಕೊಟ್ಟರು.

“ನೀನು ಕಳೆದದ್ದು ಒಂದು ನಿಮಿಷ, ನಾನು ಕಳೆದದ್ದು ನಾಲ್ಕು.”