ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟುವುದೇಕೆ?

ಭೂಮಿ ಹುಟ್ಟಿ, ಅವಳ ಮೈ ಇನ್ನೂ ಪೂರ್ತಿ ಆರಿರದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಜಗಳಾಡುತ್ತಿದ್ದವು. ಹಳ್ಳಗಳು ದಾರಿ ತಪ್ಪಿ ವಾಪಸು ಬಂದು, ಕಡಲು ಯಾವ ಕಡೆ ಎಂದು ದನಗಳನ್ನು ಕೇಳುತ್ತಿದ್ದವು. ಗಾಳಿ, ನೀರು, ಹುಳ, ಮನುಷ್ಯ, ಎಲ್ಲರಿಗೂ ಒಂದೇ ಭಾಷೆ.

ಹಲ್ಲಿ ಆಗ ಮನೆಯೊಳಗೆ ಇರುತ್ತಿರಲಿಲ್ಲ. ಹೊಲದ, ಹಿತ್ತಲಿನ ಮಣ್ಣಿಗೆ ಹೊಟ್ಟೆ ಒತ್ತಿ ಇಡೀ ದಿನ ಬಿದ್ದಿರುತ್ತಿತ್ತು. ಪಿಸುಮಾತು ಬಿಟ್ಟರೆ ಅದಕ್ಕೆ ಬೇರೆ ದನಿಯೇ ಇರಲಿಲ್ಲ.

ಎರೆಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತು. ಮನೆಗಳಿಗೆಲ್ಲ ಕಲ್ಲಿನ ಗೋಡೆ. ಮೇಲೆ ತೊಲೆ ಹಾಕಿ, ಮೊಳ ದಪ್ಪ ಮಣ್ಣು ಹರವಿದ ಮಾಳಿಗೆ. ಅಂಥ ಒಂದು ಮನೆಯಲ್ಲಿ ಸಾಂತವ್ವ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಳು. ಒಳಕೋಣೆಯಲ್ಲಿ ಮಗಳು ನಿಂಬೆವ್ವ ಹಿಂದಿನ ದಿನವಷ್ಟೇ ಹೆತ್ತ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು.

ಇದ್ದಕ್ಕಿದ್ದಂತೆ ಒಂದರ ಮೇಲೊಂದು ಇಟ್ಟ ಗಡಿಗೆಗಳು ಟಣಟಣ ಎಂದವು. ಮಾಳಿಗೆಯಿಂದ ಮಣ್ಣು ಉದುರಿತು. ನೆಲದೊಳಗೆ ಯಾರೋ ಬೀಸುವ ಕಲ್ಲು ತಿರುಗಿಸಿದಂತೆ ಗುಡುಗುಡು ಸದ್ದು. ಹತ್ತು ಉಸಿರಿನಷ್ಟು ಹೊತ್ತು ಅಷ್ಟೇ. ಆಮೇಲೆ ಎಲ್ಲ ಸುಮ್ಮನಾಯಿತು.

ಊರಿಗೆ ಊರೇ ಬಯಲಿಗೆ ಓಡಿತು. ಒಬ್ಬನ ಕಂಕುಳಲ್ಲಿ ಕೋಳಿ. ಒಬ್ಬಳ ಕೈಯಲ್ಲಿ ಒನಕೆ, ಅದನ್ನು ಯಾಕೆ ತಂದಳೆಂದು ಅವಳಿಗೇ ತಿಳಿಯದು. ಸಾಂತವ್ವ ಮಾತ್ರ ಹೊರಗೆ ಬರಲಿಲ್ಲ. ಐದನೆಯ ದಿನದ ಸಂಜೆ ಹಣೆಬರಹ ಬರೆಯುವ ತಾಯಿಗೆ ಪೂಜೆ ಆಗುವವರೆಗೆ ಬಾಣಂತಿಯಾಗಲಿ ಕೂಸಾಗಲಿ ಹೊಸ್ತಿಲು ದಾಟುವಂತಿರಲಿಲ್ಲ. ಅದು ಊರಿನ ಕಟ್ಟಳೆ. ಮಗಳನ್ನು ಬಿಟ್ಟು ತಾಯಿ ಹೇಗೆ ಓಡಿಯಾಳು? ಬೆನ್ನನ್ನು ಮಾಳಿಗೆಗೆ ಕೊಟ್ಟು, ಕೂಸಿನ ಮೇಲೆ ಬಗ್ಗಿ ಕೂತಳು. ಅಂಥ ಹೆದರಿಕೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಬಯಲಿನಲ್ಲಿ ಮಾತೋ ಮಾತು. "ಮುಂಜಾನೇನ ನನ್ನ ನೀರು ಕಲಕಿತ್ತು. ನಾ ಆವಾಗ್ಲೇ ಅಂದಿದ್ದೆ," ಎಂದಿತು ಹಳ್ಳ. ಅದು ಯಾರಿಗೂ ಏನೂ ಅಂದಿರಲಿಲ್ಲ. "ಮೂಡಲ ಸೀಮ್ಯಾಗ ಒಂದು ಗುಡ್ಡ ಮುಳುಗೇತಂತ," ಎಂದು ಹೇಳಿ ಗಾಳಿ ಹೊರಟುಹೋಯಿತು. ಮಧ್ಯಾಹ್ನದ ಹೊತ್ತಿಗೆ ಊರವರ ಬಾಯಲ್ಲಿ ಮೂರು ಗುಡ್ಡ ಮುಳುಗಿದ್ದವು.

ಸಾಂತವ್ವನ ಅಣ್ಣ ಭರಮಣ್ಣ ಊರಿನ ಹಿರಿಯ. ಎಲ್ಲರೂ ಅವನ ಮುಖ ನೋಡಿದರು. ಅವನು ಗಡ್ಡ ನೀವಿಕೊಂಡು ಹೇಳಿದ: "ಮನಿ ಹಗುರ ಆಗ್ಯಾವ. ಹಗುರ ಇದ್ದದ್ದು ಅಳ್ಳಾಡತೈತಿ. ಮಾಳಿಗಿ ಮ್ಯಾಲ ಮಣ್ಣು ಏರಸ್ರಿ, ಗಟ್ಟಿಯಾಗಿ ಕುಂದರತಾವ."

ಹೆದರಿದ ಊರಿಗೆ ಮಾಡಲು ಒಂದು ಕೆಲಸ ಸಿಕ್ಕರೆ ಸಾಕು. ಬುಟ್ಟಿ ಬುಟ್ಟಿ ಮಣ್ಣು ಮಾಳಿಗೆ ಏರಿತು. ಮರುದಿನ ನೆಲ ಮತ್ತೆ ನಡುಗಿತು. ಮತ್ತೆ ಮಣ್ಣು ಏರಿತು. "ಸಾಕ್ರಪ್ಪೋ, ಸಾಕು," ಎಂದು ತೊಲೆಗಳು ನರಳಿದವು. ಯಾರೂ ಕಿವಿಗೊಡಲಿಲ್ಲ.

"ಇವತ್ತು ಊಟದ ಹೊತ್ತಿಗೆ ದೊಡ್ಡದು ಬರತೈತಂತ!" ಎಂದು ಯಾರೋ ಕೂಗಿದರು. ಯಾರು ಹೇಳಿದ್ದು ಎಂದರೆ ಯಾರೂ ಇಲ್ಲ. ಜನ ಚಾಪೆ, ಕಂಬಳಿ ಹೊತ್ತು ಕಣಕ್ಕೆ ಓಡಿದರು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಹಾಲು ಕರೆಯುವವರಿಲ್ಲದೆ ಹಸು ಒದರಿತು, ಬರಬೇಕಾದದ್ದು ಬರಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದರು. ಹೀಗೆ ಓಡಿ ಓಡಿ ಕಾಲು ಸೋತವು.

ಕೂಸು ಹುಟ್ಟಿದ ನಾಲ್ಕನೆಯ ದಿನ ಬೆಳಿಗ್ಗೆ ಸಾಂತವ್ವನಿಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ, ನೆಲಕ್ಕೆ ಕೆನ್ನೆ ಹಚ್ಚಿ ಕೇಳಿದಳು: "ಭೂಮವ್ವಾ, ನಮ್ಮ ಮ್ಯಾಲ ಯಾಕವ್ವಾ ಸಿಟ್ಟು?"

ಮಣ್ಣಿನೊಳಗಿಂದ ಗುಂಯ್ ಎಂಬ ಸದ್ದು ಬಂತು. ಭೂಮಿಯ ಮಾತು ಮಾತ್ರ ಸದಾ ಮಣ್ಣಿಗೆ ಹೊಟ್ಟೆ ಒತ್ತಿದವರಿಗಷ್ಟೇ ತಿಳಿಯುವುದು, ಅವಳಿಗೆ ಅರ್ಥ ಹತ್ತಲಿಲ್ಲ. ಪಕ್ಕದಲ್ಲೇ ಬಿದ್ದಿದ್ದ ಹಲ್ಲಿ ಪಿಸುಗುಟ್ಟಿತು: "ಸಿಟ್ಟಿಲ್ಲಂತ. ಎಲ್ಲಾರ್ನೂ ಹೊತಗೊಂಡು ಒಂದ ಮಗ್ಗಲಾಗಿ ಮಲಗೀನಿ, ಮಗ್ಗಲು ಜೋಮು ಹಿಡದೈತಿ, ಹೊಳ್ಳಿ ಮಲಗಬೇಕು ಅಂತಾಳ."

"ಹೊಳ್ಳಬ್ಯಾಡ ಅನ್ನು!"

"ಅಂದೆ. ಎಂಥಾ ತಾಯಿನೂ ಹೊಳ್ಳದ ಎಷ್ಟು ದಿನ ಮಲಗ್ಯಾಳು ಅಂತಾಳ."

"ಯಾವಾಗ ಹೊಳ್ಳತಾಳ?"

"ಅದು ಅಕಿಗೂ ಗೊತ್ತಿಲ್ಲ. ಆದ್ರ ಹೊಳ್ಳೂ ಮೊದಲ ಒಂದು ಉದ್ದನ ಉಸುರು ಎಳಕೋತಾಳ. ಅದು ನನ್ನ ಹೊಟ್ಟಿಗೆ ತಿಳೀತೈತಿ."

ಸಾಂತವ್ವ ಎರಡೂ ಕೈ ಜೋಡಿಸಿದಳು. "ಹಂಗಾರ ನಮ್ಮ ಮನ್ಯಾಗ ಬಂದಿರು, ನಮ್ಮವ್ವ. ಉಸುರು ಎಳಕೊಂಡಾಗ ನನಗೊಂದು ಮಾತು ಹೇಳು. ಒಳಗ ನಾಕ ದಿನದ ಕೂಸೈತಿ."

"ಮೊನ್ನೆ ಹೊಸ್ತಿಲ ತನಕ ಬಂದಾಗ ನನ್ನ ಕಸಬರಿಗಿಲೆ ಬಡದಾಕಿ ನೀನ ಅಲ್ಲೇನು?" ಎಂದಿತು ಹಲ್ಲಿ. ಆಮೇಲೆ ಮಾಳಿಗೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು. "ಅಷ್ಟು ಮಣ್ಣಿನ ಕೆಳಗ ನಾ ಹೆಂಗ ಇರಲಿ? ನನಗೂ ಅಂಜಿಕಿ ಆಗತೈತಿ."

ನೆಲ ಮತ್ತೆ ಗುಂಯ್ ಎಂದಿತು. ಹಲ್ಲಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟಿತು. "ಗ್ವಾಡಿನೂ ನನ್ನ ಮೈನ, ನಿನ್ನ ಕಾಲು ಜಾರಗೊಡೂದಿಲ್ಲ, ಹೋಗು ಅಂತಾಳ."

ಇಬ್ಬರೂ ಒಂದು ಮಾತು ಮಾಡಿಕೊಂಡರು. ಹಲ್ಲಿಯ ಪಿಸುಮಾತು ಕೇಳಿಸದೆ ಹೋದೀತು, ಅದಕ್ಕೆ ಅದು ನಾಲಿಗೆಯಿಂದ ಲೊಚ್ ಲೊಚ್ ಎನ್ನಬೇಕು. ಸಾಂತವ್ವ ಬೆರಳಿನಿಂದ ನೆಲಕ್ಕೆ ಮೂರು ಸಲ ತಟ್ಟಿ, "ಈಗೇನವ್ವಾ?" ಎಂದು ಕೇಳಬೇಕು. ಹಲ್ಲಿ ಮತ್ತೆ ಲೊಚಗುಟ್ಟಿದರೆ ಹೊರಗೆ ಓಡಬೇಕು.

ಐದನೆಯ ದಿನ ಬಂತು. ಸಂಜೆಗೆ ಪೂಜೆ. ಮಧ್ಯಾಹ್ನ ಸಾಂತವ್ವ ಮಗಳಿಗೆ ಊಟ ಬಡಿಸುತ್ತಿದ್ದಳು. ಹೊರಗೆ ಒಂದು ಎಲೆ ಅಲುಗುತ್ತಿರಲಿಲ್ಲ. ಆಗ ಗೋಡೆಯ ಮೇಲಿನಿಂದ ಕೇಳಿಸಿತು.

ಲೊಚ್, ಲೊಚ್, ಲೊಚ್.

ಅವಳ ಕೈಯಲ್ಲಿದ್ದ ಸವುಟು ಜಾರಿತು. ಬಗ್ಗಿ ನೆಲಕ್ಕೆ ತಟ್ಟಿದಳು. ಒಂದು, ಎರಡು, ಮೂರು. "ಈಗೇನವ್ವಾ?"

ಸದ್ದಿಲ್ಲ. ಬೆರಳನ್ನು ನೆಲದಿಂದ ಎತ್ತದೆ ಕಾದಳು. ಇಲ್ಲ, ಇವತ್ತಲ್ಲ ಎಂದುಕೊಂಡಳು.

ಲೊಚ್! ಲೊಚ್! ಲೊಚ್!

"ಏಳ ಮಗಳ!" ಎಂದು ಕೂಸನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ನಿಂಬೆವ್ವ ಗೋಡೆ ಹಿಡಿದು ಎದ್ದಳು. ತಲೆಬಾಗಿಲಿಗೆ ಬಂದರೆ ಅಲ್ಲಿ ಭರಮಣ್ಣ, ತಲೆಯ ಮೇಲೆ ಮಣ್ಣಿನ ಬುಟ್ಟಿ. ತಂಗಿಯ ಮಾಳಿಗೆಗೆ ಇನ್ನೊಂದಿಷ್ಟು ಹಾಕೋಣವೆಂದು ಪಾಪ, ಅಕ್ಕರೆಯಿಂದಲೇ ಬಂದಿದ್ದ.

"ಎಲ್ಲಿಗಬೇ ತಂಗಿ? ಪೂಜಿ ಆಗಿಲ್ಲ! ಈಗ ಹೊಸ್ತಿಲ ದಾಟಿದ್ರ ಕೂಸಿನ ಹಣಿಬರ ಯಾರು ಬರೀತಾರ?" ಎಂದು ಅಡ್ಡ ನಿಂತ.

"ಅಣ್ಣಾ, ಕೂಸು ಉಳದ್ರ ಅಲ್ಲೇನೋ ಹಣಿ ಉಳಿಯೂದು!"

ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು ಅಂದು ಅವನನ್ನು ಭುಜದಿಂದ ನೂಕಿದಳು. ಬುಟ್ಟಿ ಉರುಳಿತು. ಮಗಳ ಕೈ ಹಿಡಿದು ಅಂಗಳ ದಾಟಿ, ಬೀದಿಯುದ್ದಕ್ಕೂ ಕೂಗಿದಳು: "ಹೊರಗ ಬರ್ರೋ! ಹೊರಗ ಬರ್ರೀ!" ಬೈಯುತ್ತ ಬೈಯುತ್ತ ಭರಮಣ್ಣ ಅವಳ ಹಿಂದೆಯೇ ಬಂದ.

ಕೆಲವರು ಬಂದರು. ಓಡಿ ಓಡಿ ದಣಿದಿದ್ದ ಕೆಲವರು, "ಬರೂದಾದ್ರ ಬರಲಿ ಬಿಡು," ಎಂದು ಒಳಗೇ ಉಳಿದರು.

ಭೂಮಿ ಹೊರಳಿದಳು.

ಕಲ್ಲಿನ ಗೋಡೆಗಳು ಹೊಟ್ಟೆ ಒಡೆದುಕೊಂಡವು. ಹೇರಿದ ಮಣ್ಣೆಲ್ಲ ಒಮ್ಮೆಗೇ ಕೆಳಗೆ ಬಂತು. ಧೂಳಿನಲ್ಲಿ ಹಗಲು ಮುಚ್ಚಿಹೋಯಿತು. ಸಾಂತವ್ವ ನೆಲದ ಮೇಲೆ ಕವುಚಿ ಬಿದ್ದಿದ್ದಳು. ಎದೆಯ ಕೆಳಗೆ ಕೂಸು ಇತ್ತು. ಅದು ಅಳುವವರೆಗೆ ಅವಳು ಉಸಿರಾಡಲಿಲ್ಲ. ಅದು ಅತ್ತಿತು.

ಹೊರಗೆ ಬಾರದವರ ಹೆಸರನ್ನು ಈ ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ಭರಮಣ್ಣ ಎರಡೂ ಕೈಯಿಂದ ಮಣ್ಣು ಬಗೆಯುತ್ತಿದ್ದ. ತಾನೇ ಏರಿಸಲು ಹೇಳಿದ ಮಣ್ಣು.

ಕಲ್ಲಿನ ಸಂದಿಯಿಂದ ಹಲ್ಲಿ ಹೊರಗೆ ಬಂತು. ಬಾಲ ಒಳಗೇ ತುಂಡಾಗಿ ಉಳಿದಿತ್ತು. ಸಾಂತವ್ವ ಅದನ್ನು ಅಂಗೈಯಲ್ಲಿ ಎತ್ತಿಕೊಂಡು, "ಇನ್ನ ನಮ್ಮ ಮನಿ ನಿನ್ನ ಮನಿ ಅವ್ವಾ," ಎಂದಳು.

ಹಲ್ಲಿಗೆ ಬಾಲ ಮತ್ತೆ ಬಂತು, ಹೆದರಿಕೆ ಹೋಗಲೇ ಇಲ್ಲ. ಬೀಸುವ ಕಲ್ಲು ಗುರುಗುಟ್ಟಿದರೂ ಲೊಚ್, ಬಾಗಿಲು ಬಡಿದರೂ ಲೊಚ್, ಏನೂ ಇಲ್ಲದಿದ್ದರೂ ಲೊಚ್. ಯಾವುದು ಭೂಮಿಯ ಉಸಿರು, ಯಾವುದು ಬರೀ ಅಂಜಿಕೆ ಎಂದು ಅದಕ್ಕೂ ತಿಳಿಯದು, ನಮಗೂ ತಿಳಿಯದು.

ಅದಕ್ಕೇ ಇವತ್ತಿಗೂ ಹಲ್ಲಿ ಲೊಚಗುಟ್ಟಿದ ಕೂಡಲೇ ನಿಮ್ಮ ಅಜ್ಜಿ ಆಡುತ್ತಿದ್ದ ಮಾತು ನಿಲ್ಲಿಸಿ ನೆಲಕ್ಕೆ ಮೂರು ಸಲ ತಟ್ಟುತ್ತಾಳೆ, ತಟ್ಟಿದ ಬೆರಳನ್ನು ಒಂದು ಗಳಿಗೆ ಅಲ್ಲೇ ಇಟ್ಟು, ಉಸಿರು ಹಿಡಿದು, ಹಲ್ಲಿ ಇನ್ನೊಮ್ಮೆ ಕೂಗದಿರಲಿ ಎಂದು ಕಾಯುತ್ತಾಳೆ.